ಎರಡು ಮಿಲಿಸೆಕೆಂಡ್

ಪದ್ಮಪ್ರಿಯಾ ಕನ್ನಡದಲ್ಲಿ ಕೊನೆಯದಾಗಿ ಆಡಿದ ಮಾತು, "ಕೈ ಮಡಚಬೇಡಮ್ಮಾ, ಟ್ಯೂಬು ಎಳೆಯುತ್ತೆ" ಎಂಬುದು. ಅದನ್ನು ಆಡಿ ಮೂರು ವರ್ಷ ನಾಲ್ಕು ತಿಂಗಳಾಗಿತ್ತು. ತಾಯಿ ಕಮಲಾಕ್ಷಮ್ಮ ಮಾರನೆಯ ಬೆಳಿಗ್ಗೆ ಆಸ್ಪತ್ರೆಯಲ್ಲೇ ತೀರಿಕೊಂಡರು. ಆಮೇಲೆ ಆ ಭಾಷೆಯಲ್ಲಿ ಅವಳನ್ನು ಮಾತಾಡಿಸುವವರು ಯಾರೂ ಉಳಿಯಲಿಲ್ಲ.

ಅವರ ಮನೆತನ ನಾಲ್ಕು ತಲೆಮಾರಿನಿಂದ ಕೊಯಮತ್ತೂರಿನದು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಅಜ್ಜನಿಗೆ ಒಂದಿಷ್ಟು ಬರುತ್ತಿತ್ತು, ಅಪ್ಪನಿಗೆ ಬರಲಿಲ್ಲ, ಇವಳಿಗೆ ಆ ಪ್ರಶ್ನೆಯೇ ಏಳಲಿಲ್ಲ. ಅಪ್ಪ ಅವಳು ಕಾಲೇಜಿನಲ್ಲಿದ್ದಾಗಲೇ ಹೋದರು. ಮದುವೆಯ ಮಾತು ಎರಡು ಸಲ ಬಂದಿತ್ತು. ಒಂದು ಕಡೆಯವರು ಕೆಲಸ ಬಿಡಬೇಕು ಎಂದರು. ಇನ್ನೊಂದು ಕಡೆಯವರು ನೋಡಲು ಬರಬೇಕಿದ್ದ ವಾರ ಕಮಲಾಕ್ಷಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಮೇಲೆ ಯಾರೂ ಬರಲಿಲ್ಲ, ಇವಳೂ ಕಾಯಲಿಲ್ಲ. ಈಗ ನಲವತ್ತೇಳು.

ಒಂದು ದಿನ ಹಿಟ್ಟು ಜಾಲಿಸುತ್ತಿದ್ದಾಗ ಕೈಯಲ್ಲಿರುವ ವಸ್ತುವಿನ ಕನ್ನಡದ ಹೆಸರು ಅವಳಿಗೆ ನೆನಪಾಗಲಿಲ್ಲ. ಸಲ್ಲಡೈ ಎಂಬ ತಮಿಳು ಮಾತು ಮಾತ್ರ ಬಂತು. ಅಮ್ಮ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ ಹೆಸರು. ಕೇಳೋಣವೆಂದರೆ ಯಾರನ್ನು ಕೇಳುವುದು? ಎರಡು ದಿನದ ಮೇಲೆ ಕಂಪನಿಯ ಮೆಟ್ಟಿಲು ಹತ್ತುವಾಗ 'ಜರಡಿ' ಎಂದು ತಾನಾಗಿ ಬಂತು. ಅವಳು ಮೆಟ್ಟಿಲ ಮೇಲೆಯೇ ನಿಂತಳು. ಹಿಂದಿನಿಂದ ಬಂದ ಹುಡುಗಿಯರು ದಾರಿ ಬಿಡಿ ಮೇಡಂ ಎಂದಾಗ ಪಕ್ಕಕ್ಕೆ ಸರಿದಳು.

ಕಂಪನಿ ಗಣಪತಿ ಎಂಬ ಬಡಾವಣೆಯ ಹಿಂಬದಿಯ ಒಂದು ಓಣಿಯಲ್ಲಿತ್ತು. ಮಗ್ಗ, ಮೋಟಾರು, ಪಂಪುಗಳಿಗೆ ಬೇಕಾಗುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳನ್ನು ಮಾಡುವ ಕಂಪನಿ. ಇಪ್ಪತ್ತೆರಡು ವರ್ಷದಿಂದ ಪದ್ಮಪ್ರಿಯಾ ಅಲ್ಲಿ ಪ್ರೋಗ್ರಾಂ ಬರೆಯುವವಳು. ಕಂಪ್ಯೂಟರಿಗೆ ಬರೆಯುವಂಥದ್ದಲ್ಲ, ಆ ಪೆಟ್ಟಿಗೆಗಳೊಳಗೆ ಕೂರುವ ಉಗುರಿನಷ್ಟಗಲದ ಚಿಪ್ಪಿಗೆ ಬರೆಯುವಂಥದ್ದು. ಹಳೆಯ ಯಜಮಾನರು ತೀರಿಕೊಂಡ ಮೇಲೆ ಮಗ ಅರವಿಂದ್ ಬಂದ. ಹೊಸ ಹುಡುಗ ಹುಡುಗಿಯರು ಬಂದರು, ಹೊಸ ಚಿಪ್ಪುಗಳು ಬಂದವು. ಹಳೆಯ ಚಿಪ್ಪಿನ ವಿಷಯ ಬಂದರೆ ಎಲ್ಲರೂ ಹಿಂಬದಿಯ ಕೋಣೆಯ ಕಡೆಗೆ ಕೈ ತೋರಿಸುತ್ತಿದ್ದರು. ಆ ಕೋಣೆಯಲ್ಲಿ ಅವಳು, ವಿದ್ಯುತ್ ಸಂಕೇತಗಳನ್ನು ಪರದೆಯಲ್ಲಿ ತೋರಿಸುವ ಒಂದು ಆಸಿಲೋಸ್ಕೋಪು, ಹಳೆಯ ಚಿಪ್ಪಿಗೆ ಬರೆಯಲು ಮಾತ್ರ ಉಳಿಸಿಕೊಂಡ ಒಂದು ಹಳೆಯ ಕಂಪ್ಯೂಟರು. ವಾರಗಟ್ಟಲೆ ಯಾರೂ ಆ ಕಡೆ ಬರುತ್ತಿರಲಿಲ್ಲ. ಮಧ್ಯಾಹ್ನ ಅವಳು ಡಬ್ಬಿ ತೆಗೆದು ಊಟ ಮಾಡುವಾಗ ಹೊರಗೆ ಹುಡುಗಿಯರು ನಗುವುದು ಕೇಳಿಸುತ್ತಿತ್ತು. ಕರೆದರೆ ಹೋಗುತ್ತಿದ್ದಳೇನೋ. ಮೊದಮೊದಲು ಕರೆದಿದ್ದರು ಕೂಡ. ಅಮ್ಮನ ಔಷಧಿಯ ಹೊತ್ತಿಗೆ ಫೋನು ಮಾಡಬೇಕೆಂದು ಅವಳೇ ತಪ್ಪಿಸಿಕೊಂಡಿದ್ದಳು. ಅದು ಅಭ್ಯಾಸವಾಗಿ ಉಳಿಯಿತು.

ಕಳೆದ ವರ್ಷ ಆಷಾಢದ ಸುಮಾರಿಗೆ, ತಮಿಳರ ಆಡಿ ತಿಂಗಳಲ್ಲಿ, ರಿಪೇರಿಯ ಮಣಿಕಂಠನ್ ಒಂದು ಪೆಟ್ಟಿಗೆಯನ್ನು ತಂದು ಅವಳ ಮೇಜಿನ ಮೇಲಿಟ್ಟ. ಸೋಮನೂರು ಕಡೆಯ ಒಂದು ಮಗ್ಗದ ಶೆಡ್ಡಿನಿಂದ ಮೂರನೆಯ ಸಲ ಬಂದದ್ದು.

"ಟೆಸ್ಟ್ ಮಾಡಿದರೆ ಸರಿಯಾಗಿದೆ ಮೇಡಂ. ಅಲ್ಲಿ ಹೋದರೆ ಕೈ ಕೊಡುತ್ತೆ. ಆಯಮ್ಮ ಫೋನಿನಲ್ಲಿ ಬೈಯೋದನ್ನ ಕೇಳೋಕಾಗಲ್ಲ."

ಆ ಪೆಟ್ಟಿಗೆಯ ಕೆಲಸ ಇಷ್ಟು. ಪವರ್‌ಲೂಮಿನಲ್ಲಿ ಲಾಳಿ ಹಾಸಿನ ಎಳೆಗಳ ನಡುವೆ ಈ ಕಡೆಯಿಂದ ಆ ಕಡೆಗೆ ಹಾರುತ್ತದೆ. ಅದು ಆ ತುದಿಯ ಗೂಡನ್ನು ಹೊತ್ತಿಗೆ ಸರಿಯಾಗಿ ಸೇರಬೇಕು. ಸೇರದೆ ನಡುವೆ ಉಳಿದರೆ, ನೂಲನ್ನು ಒತ್ತುವ ಹಣಿಗೆ ಮುಂದೆ ಬಂದು ಹೊಡೆಯುವಾಗ ಲಾಳಿ ಎಳೆಗಳ ಮಧ್ಯೆ ಸಿಕ್ಕಿಕೊಳ್ಳುತ್ತದೆ. ನೂರಾರು ಎಳೆ ಒಟ್ಟಿಗೆ ಹರಿಯುತ್ತವೆ. ಒಂದೊಂದನ್ನೂ ಹುಡುಕಿ ಗಂಟು ಹಾಕಲು ಒಬ್ಬರಿಗೆ ಎರಡು ದಿನ ಬೇಕು. ಅದಾಗದಂತೆ, ಲಾಳಿ ತಡವಾದರೆ ಕೂಡಲೇ ಬ್ರೇಕು ಹಾಕಿ ಮಗ್ಗ ನಿಲ್ಲಿಸುವುದು ಪೆಟ್ಟಿಗೆಯ ಕೆಲಸ. ಅದರೊಳಗಿನ ಪ್ರೋಗ್ರಾಮನ್ನು ಹನ್ನೊಂದು ವರ್ಷದ ಹಿಂದೆ ಪದ್ಮಪ್ರಿಯಾ ಬರೆದಿದ್ದಳು.

ಅವಳು ಪೆಟ್ಟಿಗೆಯನ್ನು ನಾಲ್ಕು ದಿನ ಓಡಿಸಿದಳು. ಒಂದು ತಪ್ಪೂ ಇಲ್ಲ. ಐದನೆಯ ದಿನ ಅರವಿಂದನ ಬಳಿ ಹೋಗಿ, ಒಮ್ಮೆ ಶೆಡ್ಡಿಗೆ ಹೋಗಿ ನೋಡಿಬರುತ್ತೇನೆ ಎಂದಳು.

"ನೀವಾ?" ಎಂದ ಅವನು. ಅವಳು ಯಾವತ್ತೂ ಹೊರಗಿನ ಕೆಲಸಕ್ಕೆ ಹೋದವಳಲ್ಲ. "ಧೂಳು ಕೂತಿರುತ್ತೆ ಮೇಡಂ, ಸೆನ್ಸರ್ ಒರೆಸಿ ಅಂತ ಹೇಳಿದರೆ ಸಾಕು. ಹೋಗಬೇಕು ಅಂದರೆ ಹೋಗಿ."

ಗಾಂಧಿಪುರಂನಲ್ಲಿ ಬಸ್ಸು ಹತ್ತಿ ಸೋಮನೂರಿನಲ್ಲಿಳಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹೋಗಿ, ಒಂದು ಫರ್ಲಾಂಗು ನಡೆಯಬೇಕಾಯಿತು. ಹಂಚಿನ ಶೆಡ್ಡು, ಒಳಗೆ ನಾಲ್ಕು ಮಗ್ಗ, ಪಕ್ಕದಲ್ಲೇ ಮನೆ. ನಡೆಸುವವಳು ರಾಮಾತಾಳ್. ಅರವತ್ತರ ಆಸುಪಾಸು, ತೆಳ್ಳಗಿನ ಹೆಂಗಸು. ಗಂಡ ವೇಲುಸಾಮಿ ಸತ್ತು ಆರು ವರ್ಷವಾಗಿತ್ತು. ಮಗಳು ನಿತ್ಯಾ ಮದುವೆಯಾಗಿ ತಿರುಪ್ಪೂರಿನಲ್ಲಿದ್ದಳು. ನಾಲ್ಕು ಮಗ್ಗಕ್ಕೂ ಅವಳೊಬ್ಬಳೇ.

"ಕಂಪನಿಯವರಾ? ಬನ್ನಿ, ನೋಡಿ," ಎಂದು ತಮಿಳಿನಲ್ಲಿ ಹೇಳಿ ಎರಡನೆಯ ಮಗ್ಗವನ್ನು ತೋರಿಸಿದಳು. ಹಿಂದಿನ ದಿನ ಲಾಳಿ ಸಿಕ್ಕಿಕೊಂಡಿತ್ತು. ಹಾಸಿನ ನಡುವೆ ಎರಡು ಗೇಣು ಅಗಲಕ್ಕೆ ಎಳೆಗಳೆಲ್ಲ ಹರಿದು ಜೋಲುತ್ತಿದ್ದವು. ರಾಮಾತಾಳ್ ಕೂತುಕೊಂಡು ಒಂದೊಂದೇ ಎಳೆ ಹಿಡಿದು ಗಂಟು ಹಾಕತೊಡಗಿದಳು. ಪದ್ಮಪ್ರಿಯಾ ಓಡುತ್ತಿದ್ದ ಮೂರನೆಯ ಮಗ್ಗಕ್ಕೆ ತಂತಿ ಸಿಕ್ಕಿಸಿ ತನ್ನ ಕೈ ಸ್ಕೋಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮಗ್ಗದ ಸದ್ದಿಗೆ ಮಾತಾಡುವಂತಿರಲಿಲ್ಲ. ಇಬ್ಬರೂ ತಂತಮ್ಮ ಕೆಲಸದ ಮೇಲೆ ಬಾಗಿಕೊಂಡಿದ್ದರು.

ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಶೆಡ್ಡು ಒಮ್ಮೆಲೇ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ರಾಮಾತಾಳ್ ತನ್ನಷ್ಟಕ್ಕೆ ಎಳೆ ಎಣಿಸುತ್ತಿದ್ದುದು ಕೇಳಿಸಿತು.

"ಹದಿನೇಳು, ಹದಿನೆಂಟು, ಹತ್ತೊಂಬತ್ತು..."

ಪದ್ಮಪ್ರಿಯಾ ತಲೆಯೆತ್ತಿದಳು. ಕೇಳುವ ಮುನ್ನ ಮಾತನ್ನು ಒಳಗೇ ಒಮ್ಮೆ ಜೋಡಿಸಿಕೊಳ್ಳಬೇಕಾಯಿತು.

"ನಿಮ್ಮದೂ ಕನ್ನಡವಾ?"

ರಾಮಾತಾಳಿನ ಕೈ ನಿಂತಿತು. "ಮನೇಲಿ ಇದೇ ಮಾತು ಕಣ್ಣು," ಎಂದಳು, ತಮಿಳರು ಅಕ್ಕರೆಯಿಂದ ಕರೆಯುವ ಹಾಗೆ. "ನಾವು ನೇಯೋ ಜನ ಎಲ್ಲಾ ಇದೇ. ನೀನೂವಾ?"

"ನಾನೂ. ಓದೋಕೆ ಬರಲ್ಲ."

"ಇಲ್ಲಿ ಯಾರಿಗೆ ಬರುತ್ತೆ? ನೀ ಕೂತ್ಕೊ, ಎಣಿಕೆ ತಪ್ಪೋಯ್ತು," ಎಂದು ರಾಮಾತಾಳ್ ಮತ್ತೆ ಒಂದರಿಂದ ಶುರು ಮಾಡಿದಳು.

ಕರೆಂಟು ಬಂದದ್ದು ಎರಡು ಗಂಟೆಗೆ. ಅಷ್ಟರಲ್ಲಿ ಇಬ್ಬರೂ ಊಟ ಮಾಡಿದರು. ರಾಮಾತಾಳ್ ಸೊಪ್ಪಿನ ಹುಳಿ ಮಾಡಿದ್ದಳು. ಅವಳ ಕನ್ನಡ ಬೇರೆ ಥರ, ಇವಳದು ಬೇರೆ ಥರ. ಆಕೆ ಮಗ್ಗಕ್ಕೆ ತಮಿಳಿನವರ ಹಾಗೆ 'ತರಿ' ಎನ್ನುತ್ತಿದ್ದಳು, ಹಾಸು ಹೊಕ್ಕುಗಳನ್ನು ಮಾತ್ರ ಹಾಸು ಹೊಕ್ಕು ಎಂದೇ ಕರೆಯುತ್ತಿದ್ದಳು. ಪದ್ಮಪ್ರಿಯಾ ಮಾತು ಸಿಕ್ಕದ ಕಡೆ ತಮಿಳು ತುಂಬುತ್ತಿದ್ದಳು. ಆಡಿದ್ದು ಏನೂ ಹೆಚ್ಚಿನದಲ್ಲ. ಮನೆ ಎಲ್ಲಿ, ಯಾರಿದ್ದಾರೆ, ಏನು ಅಡಿಗೆ. ಆದರೂ ಸಂಜೆ ಬಸ್ಸಿನಲ್ಲಿ ಕೂತಾಗ ಅವಳ ದವಡೆ ನೋಯುತ್ತಿತ್ತು, ಎಷ್ಟೋ ದಿನದ ಮೇಲೆ ದೂರ ನಡೆದವರ ಕಾಲು ನೋಯುವ ಹಾಗೆ.

ಮಾರನೆಯ ದಿನವೂ ಹೋದಳು. ಆ ದಿನ ಸ್ಕೋಪಿನ ಪರದೆಯಲ್ಲಿ ಒಂದು ವಿಷಯ ಕಂಡಿತು. ಮಗ್ಗ ನಿಮಿಷಕ್ಕೆ ನೂರ ಅರವತ್ತೈದು ಸುತ್ತು ಓಡುತ್ತಿತ್ತು. ಅವಳು ಪ್ರೋಗ್ರಾಂ ಬರೆದ ಕಾಲದಲ್ಲಿ ಯಾರ ಮಗ್ಗವೂ ನೂರಿಪ್ಪತ್ತು ದಾಟುತ್ತಿರಲಿಲ್ಲ. ಕಂಪನಿಯ ಪರೀಕ್ಷೆಯ ಯಂತ್ರವೂ ಇಂದಿಗೂ ನೂರಿಪ್ಪತ್ತರಲ್ಲೇ ಓಡುತ್ತಿತ್ತು.

"ಪುಲ್ಲಿ ಬದಲಾಯಿಸಿದ್ದೀರಾ?"

"ಎಲ್ಲಾರೂ ಬದಲಾಯಿಸಿದಾರೆ. ಮೊದಲಿನ ಸ್ಪೀಡಲ್ಲಿ ನೇಯ್ದರೆ ಹೊಟ್ಟೆ ತುಂಬಲ್ಲ. ಯಾಕೆ?"

"ಸುಮ್ಮನೆ ಕೇಳಿದೆ," ಎಂದಳು ಪದ್ಮಪ್ರಿಯಾ. ಅವಳಿಗೆ ಕಾರಣ ಆಗಲೇ ಗೊತ್ತಾಗಿಹೋಗಿತ್ತು.

ಆ ಚಿಪ್ಪಿನೊಳಗಿನ ಗಡಿಯಾರಕ್ಕೆ ಸೊನ್ನೆಯಿಂದ ಇನ್ನೂರ ಐವತ್ತೈದರವರೆಗೆ ಮಾತ್ರ ಎಣಿಸಲು ಬರುತ್ತದೆ. ಒಂದೊಂದು ಎಣಿಕೆಗೆ ಎಷ್ಟು ಹೊತ್ತು ಎಂಬುದನ್ನು ಪ್ರೋಗ್ರಾಂ ಬರೆಯುವವರು ಗೊತ್ತುಮಾಡಬೇಕು. ತೀರ ಚಿಕ್ಕದಾಗಿ ಇಟ್ಟರೆ ಮಗ್ಗ ಒಂದು ಸುತ್ತು ಮುಗಿಸುವ ಮೊದಲೇ ಎಣಿಕೆ ತುಂಬಿಹೋಗುತ್ತದೆ. ದೊಡ್ಡದಾಗಿ ಇಟ್ಟರೆ ಸುತ್ತಿಗೆ ಸಾಲುತ್ತದೆ, ಆದರೆ ಎರಡು ಎಣಿಕೆಯ ನಡುವೆ ಏನಾಯಿತೆಂಬುದು ಚಿಪ್ಪಿಗೆ ತಿಳಿಯುವುದಿಲ್ಲ. ಆಗ ಅರ್ಧ ಸೆಕೆಂಡಿಗೆ ಒಂದು ಸುತ್ತು. ಎಣಿಕೆಗೆ ಎರಡು ಮಿಲಿಸೆಕೆಂಡ್ ಇಟ್ಟರೆ ಪೂರ್ತಿ ಸುತ್ತು ಹಿಡಿಸುತ್ತಿತ್ತು, ಇಟ್ಟಳು. ಸುತ್ತು ಶುರುವಾದದ್ದನ್ನು ಚಿಪ್ಪು ಗಮನಿಸುವುದರಲ್ಲಿ ಎರಡು ಮಿಲಿಸೆಕೆಂಡ್ ತಡವಾಗಬಹುದು. ಲಾಳಿಯ ಗಡುವನ್ನು ಪೂರ್ತಿ ಎಣಿಕೆಗೆ ಏರಿಸುವುದರಲ್ಲಿ ಇನ್ನೆರಡು. ಎಲ್ಲ ಸೇರಿ ನಾಲ್ಕು. ನೂರಿಪ್ಪತ್ತು ಸುತ್ತಿನ ಮಗ್ಗಕ್ಕೆ ಅದು ಲೆಕ್ಕಕ್ಕೇ ಇರಲಿಲ್ಲ. ನೂರ ಅರವತ್ತೈದಕ್ಕೆ ಏರಿದ ಮೇಲೆ ಲಾಳಿಯ ಹೊತ್ತು ಕುಗ್ಗಿತು, ಬ್ರೇಕು ಹಿಡಿಯುವ ಹೊತ್ತು ಮಾತ್ರ ಕುಗ್ಗಲಿಲ್ಲ. ಅದನ್ನು ಕಳೆದರೆ ತೀರ್ಮಾನಕ್ಕೆ ಉಳಿಯುತ್ತಿದ್ದುದು ಮೂರೇ ಮಿಲಿಸೆಕೆಂಡ್. ಲಾಳಿ ತಡವಾದ ಸಲವೆಲ್ಲ ಹೀಗಾಗುತ್ತಿರಲಿಲ್ಲ. ಎರಡೂ ತಡ ಒಟ್ಟಿಗೆ ಪೂರ್ತಿಯಾಗಿ ಬಿದ್ದ ಸಲ ಮಾತ್ರ ಬ್ರೇಕು ತಡವಾಗಿ ಹಿಡಿಯುತ್ತಿತ್ತು. ಅದಕ್ಕೇ ಯಾರ ಕೈಗೂ ಸಿಕ್ಕಿರಲಿಲ್ಲ.

ತನ್ನ ಹಳೆಯ ನೋಟುಪುಸ್ತಕದಲ್ಲಿ ಆ ಪುಟ ಅವಳಿಗೆ ನೆನಪಿತ್ತು. 'ಎರಡು ಮಿಲಿಸೆಕೆಂಡ್ ಸಾಕು' ಎಂದು ತಮಿಳಿನಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದಳು.

ಮೂರನೆಯ ದಿನ ಊಟಕ್ಕೆ ಕೂತಾಗ ರಾಮಾತಾಳ್ ಹೇಳಿದಳು. ಎರಡು ತಿಂಗಳಲ್ಲಿ ಐದು ಸಲ ಹಾಸು ಹರಿದಿತ್ತಂತೆ. ಬಟ್ಟೆ ತುಂಬ ಗಂಟು ಎಂದು, ನೂಲು ಕೊಟ್ಟು ನೇಯಿಸಿಕೊಳ್ಳುವವನು ಎರಡು ಮಗ್ಗದ ಕೆಲಸ ಬೇರೆಯವರಿಗೆ ಕೊಟ್ಟನಂತೆ. "ನನ್ನ ಕೈ ನಡುಗುತ್ತೆ, ವಯಸ್ಸಾಯ್ತು, ಅದಕ್ಕೇ ಹಿಂಗಾಗುತ್ತೆ ಅಂದ. ನಲವತ್ತೈದು ವರ್ಷ ನೇಯ್ದಿದೀನಿ. ನಂಗೆ ಆ ಮಾತು ತಡೆಯೋಕಾಗಲಿಲ್ಲ ಕಣ್ಣು. ಆನೈಮಲೈಗೆ ಹೋಗಿ ಮಾಸಾಣಿಯಮ್ಮನ ಮುಂದೆ ಮೆಣಸಿನಕಾಯಿ ಅರೆದು ಬಂದೆ."

ಅನ್ಯಾಯವಾದವರು ಆ ಗುಡಿಯ ಕಲ್ಲಿನ ಮೇಲೆ ಕೆಂಪು ಮೆಣಸಿನಕಾಯಿ ಅರೆದು ಅಮ್ಮನಿಗೆ ಹಚ್ಚುತ್ತಾರೆ. ಅನ್ಯಾಯ ಮಾಡಿದವರಿಗೆ ಆ ಉರಿ ತಟ್ಟಲಿ ಎಂದು ಕೇಳಿಕೊಳ್ಳುತ್ತಾರೆ. ಪದ್ಮಪ್ರಿಯಾಳಿಗೆ ಅದು ಗೊತ್ತಿತ್ತು.

"ಯಾರ ಮೇಲೆ?" ಎಂದಳು.

"ಈ ಪೆಟ್ಟಿಗೆ ಯಾರು ಮಾಡಿದ್ರೋ ಅವರ ಮೇಲೆ. ಹೆಸರು ಗೊತ್ತಿಲ್ಲ. ಅಮ್ಮನಿಗೆ ಗೊತ್ತಿರುತ್ತೆ ಅಂತ ಅಂದೆ."

ಪದ್ಮಪ್ರಿಯಾ ತುತ್ತನ್ನು ನುಂಗಿದಳು. ಹೇಳದೆ ಎದ್ದು ಹೋಗಬಹುದಿತ್ತು. ಪೆಟ್ಟಿಗೆ ಸರಿಮಾಡಿ ಮಣಿಕಂಠನ್ ಕೈಯಲ್ಲಿ ಕಳಿಸಬಹುದಿತ್ತು. ಹಾಗೆ ಮಾಡಿದರೆ ಮತ್ತೆ ಇಲ್ಲಿ ಕೂತು ಉಣ್ಣಲು ತನಗೆ ಮುಖವಿರುವುದಿಲ್ಲ ಎನಿಸಿತು. ಹೇಳಿದರೂ ಇರುವುದಿಲ್ಲ.

"ಅದರೊಳಗಿನ ಪ್ರೋಗ್ರಾಂ ಬರೆದದ್ದು ನಾನು," ಎಂದಳು.

"ಯಾವುದರೊಳಗಿನ?"

"ಆ ಪೆಟ್ಟಿಗೆಯೊಳಗಿನ. ಹಾಸು ಹರಿದದ್ದು ನಿಮ್ಮ ಕೈ ನಡುಗಿದ್ದಕ್ಕೆ ಅಲ್ಲ. ತಪ್ಪು ನನ್ನ ಲೆಕ್ಕದಲ್ಲಿದೆ."

ರಾಮಾತಾಳ್ ಅವಳನ್ನೇ ನೋಡಿದಳು. "ಬೇಕೂಂತ ಮಾಡಿದ್ಯಾ?"

"ಇಲ್ಲ. ಆಗ ಅಷ್ಟು ಸಾಕು ಅಂದುಕೊಂಡೆ."

"ಸಾಕು ಅಂತ ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ನಾನೇ."

ರಾಮಾತಾಳ್ ಎದ್ದು ಎರಡೂ ತಟ್ಟೆ ತೆಗೆದುಕೊಂಡು ಹೋಗಿ ತೊಳೆದಳು. ವಾಪಸು ಬಂದವಳು ಮಗ್ಗದ ಮುಂದೆ ಕೂತು, ತಮಿಳಿನಲ್ಲಿ, "ನೀವು ಹೊರಡಿ. ಮೂರು ಗಂಟೆ ಬಸ್ಸು ತಪ್ಪಿದರೆ ಐದಕ್ಕೇ," ಎಂದಳು.

ಹೊರಡಿ ಎಂದದ್ದಕ್ಕಿಂತ ತಮಿಳಿನಲ್ಲಿ ಎಂದದ್ದು ಪದ್ಮಪ್ರಿಯಾಳನ್ನು ಹೆಚ್ಚು ನೋಯಿಸಿತು. ತಂತಿಗಳನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು ನಡೆದಳು.

ಕಂಪನಿಯಲ್ಲಿ ಅರವಿಂದನಿಗೆ ಎಲ್ಲವನ್ನೂ ಹೇಳಿದಳು. ಅವನು ಗಮನವಿಟ್ಟು ಕೇಳಿದ, ಒರಟು ಮನುಷ್ಯನಲ್ಲ. "ನೂರಿಪ್ಪತ್ತು ಸುತ್ತಿಗೆ ಅಂತ ನಾವು ಪೆಟ್ಟಿಗೆ ಮೇಲೇ ಅಚ್ಚು ಹಾಕಿದ್ದೀವಿ ಮೇಡಂ. ಪುಲ್ಲಿ ಬದಲಾಯಿಸಿದ್ದು ಅವರು. ನಾಲ್ಕು ಸಾವಿರ ಪೆಟ್ಟಿಗೆ ಹೊರಗಿದೆ. ಈ ಮಾಡೆಲನ್ನ ನಿಲ್ಲಿಸಿ ಎರಡು ವರ್ಷ ಆಯ್ತು. ಈಗ ಹೋಗಿ ನಾವೇ ತಪ್ಪು ಅಂತ ಹೇಳೋದಾ? ನೀವು ಆಯಮ್ಮನದು ಸರಿಮಾಡಿ ಕೊಡಿ. ಅಷ್ಟು ಸಾಕು."

ಸಾಕು ಎಂಬ ಆ ಮಾತು ಕೇಳಿ ಅವಳು ತನ್ನ ಕೋಣೆಗೆ ಬಂದಳು.

ಸರಿಮಾಡುವುದು ಸುಲಭವಿರಲಿಲ್ಲ. ಚಿಪ್ಪು ಬದಲಾಯಿಸಿದರೆ ಇಡೀ ಪೆಟ್ಟಿಗೆಯನ್ನೇ ಬದಲಾಯಿಸಬೇಕು. ಇರುವ ಚಿಪ್ಪಿನಲ್ಲೇ ದಾರಿ ಹುಡುಕಬೇಕಿತ್ತು. ಒಂದು ವಾರ ಕಾಗದದ ಮೇಲೆ ಗೀಚಿದಳು. ಕೊನೆಗೆ ಹೊಳೆದದ್ದು ಇದು. ಸುತ್ತಿನ ಉದ್ದಕ್ಕೂ ಒಂದೇ ಅಳತೆಯಲ್ಲಿ ಎಣಿಸಬೇಕೆಂದು ಎಲ್ಲಿದೆ? ಸುತ್ತು ಶುರುವಾದ ಸಂಕೇತ ಬಂದ ಕ್ಷಣವೇ ಎಣಿಕೆಯನ್ನು ಸೊನ್ನೆಗೆ ತರುವುದು. ಮೊದಲ ಭಾಗವನ್ನು ಎರಡು ಮಿಲಿಸೆಕೆಂಡಿನ ದೊಡ್ಡ ಹೆಜ್ಜೆಯಲ್ಲಿ ಎಣಿಸುವುದು. ಲಾಳಿ ಗೂಡು ಸೇರುವ ಹೊತ್ತು ಹತ್ತಿರವಾದಾಗ ಕಾಲು ಮಿಲಿಸೆಕೆಂಡಿನ ಸಣ್ಣ ಹೆಜ್ಜೆಗೆ ಬದಲಾಯಿಸುವುದು. ಅದಕ್ಕೆ ಬೇಕಾದಷ್ಟು ಜಾಗ ಚಿಪ್ಪಿನ ನೆನಪಿನಲ್ಲಿ ಇರಲಿಲ್ಲ. ದೋಷವಿದ್ದಾಗ ದೀಪ ಮಿನುಗಿಸುವ ಒಂದು ತುಣುಕಿತ್ತು. ಯಾವ ನೇಕಾರನೂ ಆ ದೀಪವನ್ನು ನೋಡುವುದಿಲ್ಲವೆಂದು ಮೂರು ದಿನ ಶೆಡ್ಡಿನಲ್ಲಿ ಕೂತು ಕಂಡಿದ್ದಳು. ಅದನ್ನು ಅಳಿಸಿದಳು. ಹೊಸದು ಹಿಡಿಸಿತು. ಇನ್ನು ಏಳು ಬೈಟ್ ಉಳಿಯಿತು. ಅಂದು ಸಂಜೆ ಯಾರಿಗಾದರೂ ಹೇಳಬೇಕೆನಿಸಿ ಕೋಣೆಯ ಬಾಗಿಲು ತೆರೆದಳು. ಎಲ್ಲರೂ ಮನೆಗೆ ಹೋಗಿದ್ದರು.

ಮೂರು ವಾರದ ಮೇಲೆ, ರಿಪೇರಿಗೆ ಬಂದಿದ್ದ ಪೆಟ್ಟಿಗೆಯನ್ನೂ ನಾಲ್ಕು ಚಿಪ್ಪನ್ನೂ ಹಿಡಿದು ರಾಮಾತಾಳಿನ ಶೆಡ್ಡಿಗೆ ಹೋದಳು. ರಾಮಾತಾಳ್ ಬಾಗಿಲು ತೆಗೆದು ಪಕ್ಕಕ್ಕೆ ನಿಂತಳು. ಪದ್ಮಪ್ರಿಯಾ ನಾಲ್ಕು ಪೆಟ್ಟಿಗೆಗೂ ಚಿಪ್ಪು ಬದಲಾಯಿಸಿದಳು. ಆಮೇಲೆ ಮೂರನೆಯ ಮಗ್ಗ ಓಡುತ್ತಿರುವಾಗ, ಲಾಳಿ ಬೇಕೆಂದೇ ತಡವಾಗುವಂತೆ, ಅದನ್ನು ಹೊಡೆದು ಹಾರಿಸುವ ಪಟ್ಟಿಯನ್ನು ಸಡಿಲಿಸಲು ರಾಮಾತಾಳನ್ನು ಕೇಳಿದಳು.

"ಹರಿದರೆ?"

"ಹರಿದರೆ ನಾನೇ ಗಂಟು ಹಾಕ್ತೀನಿ."

"ನಿಂಗೆ ಗಂಟು ಹಾಕೋಕೆ ಬರುತ್ತಾ?" ಎಂದಳು ರಾಮಾತಾಳ್. ಕನ್ನಡದಲ್ಲಿ ಎಂದಳು.

ಪಟ್ಟಿ ಸಡಿಲಿಸಿದರು. ನಾಲ್ಕನೆಯ ಸುತ್ತಿಗೆ ಲಾಳಿ ತಡವಾಯಿತು, ಮಗ್ಗ ಧಡ್ ಎಂದು ನಿಂತಿತು. ಹಣಿಗೆ ಲಾಳಿಗಿಂತ ಒಂದು ಬೆರಳು ಹಿಂದೆ ಇತ್ತು. ಹಾಸಿನ ಒಂದು ಎಳೆಯೂ ಹರಿಯಲಿಲ್ಲ. ಮೂವತ್ತು ಸಲ ಹಾಗೆ ಮಾಡಿದರು, ಮೂವತ್ತು ಸಲವೂ ನಿಂತಿತು. ರಾಮಾತಾಳ್ ಹಾಸಿನ ಮೇಲೆ ಅಂಗೈ ಸವರಿ ನೋಡಿದಳು. ಒಳಗೆ ಹೋಗಿ ಎರಡು ಲೋಟ ಕಾಫಿ ತಂದಳು.

ಒಂದು ತಿಂಗಳು ಕಳೆದ ಮೇಲೆ ಅವಳದೇ ಫೋನು ಬಂತು. "ಒಂದು ಸಲಾನೂ ಹರೀಲಿಲ್ಲ. ನಾನು ಆನೈಮಲೈಗೆ ಹೋಗಬೇಕು. ಅರೆದಿದ್ದನ್ನ ತಣ್ಣಗೆ ಮಾಡಬೇಕು, ಹಂಗೇ ಬಿಡಬಾರದು. ಶುಕ್ರವಾರ ಬರ್ತೀಯಾ?"

ಪದ್ಮಪ್ರಿಯಾ ರಜೆ ಹಾಕಿ ಹೋದಳು. ಪೊಳ್ಳಾಚಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ತೆಂಗಿನ ತೋಟ. ರಾಮಾತಾಳ್ ಕಿಟಕಿಯ ಪಕ್ಕ ಕೂತು ನಿದ್ದೆ ಹೋದಳು. ಅವಳ ತಲೆ ನಿಧಾನವಾಗಿ ಪದ್ಮಪ್ರಿಯಾಳ ಭುಜಕ್ಕೆ ಬಂತು. ಪದ್ಮಪ್ರಿಯಾ ಗುಡಿ ಬರುವವರೆಗೂ ಭುಜ ಅಲುಗಿಸಲಿಲ್ಲ. ಗುಡಿಯಲ್ಲಿ ಪೂಜೆ ಮಾಡಿಸುವಾಗ ಪೂಜಾರಿ ಯಾರ ಹೆಸರಿಗೆ ಎಂದು ಕೇಳಿದ. ರಾಮಾತಾಳ್ ತನ್ನ ಹೆಸರು ಹೇಳದೆ, "ಪದ್ಮಪ್ರಿಯಾ" ಎಂದಳು.

ಅದು ನಡೆದದ್ದು ಕಾರ್ತಿಕದಲ್ಲಿ. ಅಂದಿನಿಂದ ಪದ್ಮಪ್ರಿಯಾ ತಾನಾಗಿಯೇ ಒಂದು ಕೆಲಸ ಹಿಡಿದಳು. ಪೆಟ್ಟಿಗೆಗಳು ಎಲ್ಲೆಲ್ಲಿಗೆ ಹೋಗಿವೆ ಎಂಬ ಪಟ್ಟಿಯನ್ನು ಮಣಿಕಂಠನ್ ಹತ್ತಿರ ಇಸಿದುಕೊಂಡಳು. ಭಾನುವಾರ ಬೆಳಿಗ್ಗೆ ಚೀಲದಲ್ಲಿ ಚಿಪ್ಪು, ಸ್ಕ್ರೂಡ್ರೈವರು, ನೀರಿನ ಬಾಟಲಿ ಹಾಕಿಕೊಂಡು ಹೊರಡುತ್ತಿದ್ದಳು. ಅರವಿಂದನಿಗೆ ಗೊತ್ತಾಯಿತು. ಬೇಡವೆನ್ನಲಿಲ್ಲ, ಕಂಪನಿಯ ಹೆಸರು ಹೇಳಬೇಡಿ ಎಂದು ಮಾತ್ರ ಹೇಳಿದ. ಅವಿನಾಶಿ, ಪಲ್ಲಡಂ, ಮಂಗಲಂ ಕಡೆಯ ಶೆಡ್ಡುಗಳ ಮುಂದೆ ನಿಂತು, "ಲಾಳಿ ಪೆಟ್ಟಿಗೆ ನೋಡಬೇಕು," ಎನ್ನುವ ಈ ಹೆಂಗಸನ್ನು ಜನ ಅನುಮಾನದಿಂದ ನೋಡುತ್ತಿದ್ದರು. ದುಡ್ಡು ಬೇಡ ಎಂದರೆ ಅನುಮಾನ ಇನ್ನೂ ಹೆಚ್ಚುತ್ತಿತ್ತು. ಕೆಲವರು ಒಳಗೆ ಬಿಟ್ಟರು, ಕೆಲವರು ನಾಯಿ ಬಿಟ್ಟರು. ಎಷ್ಟೋ ಕಡೆ ಶೆಡ್ಡಿಗೆ ಬೀಗ ಬಿದ್ದಿತ್ತು, ಇಲ್ಲವೇ ಮಗ್ಗವಿದ್ದ ಜಾಗದಲ್ಲಿ ಕೋಳಿ ಸಾಕುತ್ತಿದ್ದರು. ಒಂಬತ್ತು ತಿಂಗಳಲ್ಲಿ ಅವಳು ಬದಲಾಯಿಸಿದ್ದು ಇನ್ನೂರ ಹನ್ನೆರಡು.

ಭಾನುವಾರದ ಕೆಲಸ ಬೇಗ ಮುಗಿದರೆ ಸೋಮನೂರಿನ ಮೇಲೆ ಬಂದು ರಾಮಾತಾಳಿನ ಮನೆಯಲ್ಲಿ ಊಟ ಮಾಡುತ್ತಿದ್ದಳು. ಒಮ್ಮೆ ರಾಮಾತಾಳ್ ಅವಳಿಗೆ ಎಳೆ ಗಂಟು ಹಾಕುವುದನ್ನು ಕಲಿಸಲು ನೋಡಿದಳು. ಒಂದು ಗಂಟೆಯಲ್ಲಿ ನಾಲ್ಕು ಗಂಟು ಹಾಕಿದಳು, ನಾಲ್ಕೂ ಬಿಚ್ಚಿಕೊಂಡವು.

"ನೀನು ಚಿಪ್ಪೇ ನೋಡ್ಕೊ," ಎಂದಳು ರಾಮಾತಾಳ್.

ಈ ವರ್ಷ ಬೇಸಿಗೆಯ ಚಿತ್ತಿರೈ ತಿಂಗಳಲ್ಲಿ ನೂಲು ಕೊಡುವವನು ಬಾಕಿ ಎರಡು ಮಗ್ಗದ ಕೆಲಸವನ್ನೂ ನಿಲ್ಲಿಸಿದ. ರಾಮಾತಾಳಿನ ಕೈಯ ಮಾತಾಗಲಿ, ಪೆಟ್ಟಿಗೆಯ ಮಾತಾಗಲಿ ಅಲ್ಲಿ ಬರಲೇ ಇಲ್ಲ. ಲಾಳಿಯೇ ಇಲ್ಲದ ಹೊಸ ಮಗ್ಗಗಳು ಬಂದಿದ್ದವು. ಅವುಗಳ ಮುಂದೆ ಈ ಬಟ್ಟೆಯನ್ನು ಕೇಳುವವರಿರಲಿಲ್ಲ. ಮಗಳು ನಿತ್ಯಾ ಬಂದು, ಇಲ್ಲಿ ಒಬ್ಬಳೇ ಇದ್ದು ಏನು ಮಾಡುತ್ತೀ ಎಂದು ಕರೆದಳು. ಪದ್ಮಪ್ರಿಯಾ ಒಂದು ಭಾನುವಾರ ಹೋದಾಗ ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ನೆಲದಲ್ಲಿ ಮಗ್ಗದ ಕಾಲುಗಳಿದ್ದ ಕಡೆ ಸಿಮೆಂಟು ಬಿಳಿಚಿಕೊಂಡು ಹದಿನಾರು ಚೌಕ ಕಾಣುತ್ತಿತ್ತು. ಗುಜರಿಯವರು ಹಿಂದಿನ ದಿನ ತೂಕ ಹಾಕಿ ಒಯ್ದಿದ್ದರು.

"ಫೋನಲ್ಲಿ ಹೇಳೋಣ ಅಂದುಕೊಂಡೆ," ಎಂದಳು ರಾಮಾತಾಳ್. "ಆಮೇಲೆ, ಬರ್ತೀಯಲ್ಲ ಅಂತ ಸುಮ್ಮನಾದೆ."

"ಪೆಟ್ಟಿಗೆಗಳು?"

"ಅವೂ ಹೋದವು. ಬಿಚ್ಚಿ ಇಟ್ಕೊಳ್ಳೋಣ ಅಂದೆ, ಅವನು ಎಲ್ಲಾ ಸೇರಿ ತೂಕ ಅಂದ. ಬೇಕಾಗಿತ್ತಾ ನಿಂಗೆ?"

"ಬೇಡ," ಎಂದಳು ಪದ್ಮಪ್ರಿಯಾ.

ಆ ದಿನ ಅಡಿಗೆಮನೆಯೂ ಖಾಲಿಯಾಗಿತ್ತು. ಇಬ್ಬರೂ ಸೋಮನೂರಿನ ಹೋಟೆಲಿನಲ್ಲಿ ಪರೋಟ ತಿಂದರು. ಎದುರು ಬೆಂಚಿನಲ್ಲಿ ಜನರಿದ್ದರು, ಇಬ್ಬರೂ ತಮಿಳಿನಲ್ಲೇ ಮಾತಾಡಿದರು.

ರಾಮಾತಾಳ್ ಈಗ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಹೊಲಿಗೆ ಸರಿಯಿದೆಯೇ ಎಂದು ನೋಡುವ ಕೆಲಸದಲ್ಲಿದ್ದಾಳೆ. ಪದ್ಮಪ್ರಿಯಾ ಒಮ್ಮೆ ನೋಡಲು ಹೋದಳು. ಒಂದೇ ಕೋಣೆಯ ಮನೆ. ಮಗಳು, ಅಳಿಯ, ಹತ್ತು ವರ್ಷದ ಮೊಮ್ಮಗಳು ಇಲಕ್ಕಿಯಾ. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಆ ಹುಡುಗಿ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಕೂರಲು ಜಾಗವಿಲ್ಲದೆ ಪದ್ಮಪ್ರಿಯಾ ಹೊಸಿಲ ಮೇಲೆ ಕೂತಳು. ಅರ್ಧ ಗಂಟೆಯಲ್ಲಿ ಅಳಿಯ ಕೆಲಸದಿಂದ ಬಂದ. ಅವನು ಒಳಗೆ ಬರಲೆಂದು ಎದ್ದಳು, ಎದ್ದವಳು ಹಾಗೇ ಹೊರಟಳು. ಮತ್ತೆ ಹೋಗಿಲ್ಲ. ಬಾ ಎಂದು ರಾಮಾತಾಳೂ ಒತ್ತಾಯ ಮಾಡಿಲ್ಲ.

ಆದರೆ ವಾರಕ್ಕೊಂದು ಸಲ ರಾಮಾತಾಳ್ ತನ್ನ ಮಾತು ರೆಕಾರ್ಡ್ ಮಾಡಿ ಫೋನಿನಲ್ಲಿ ದನಿ ಕಳಿಸುತ್ತಾಳೆ. ಬರೆಯಲು ಬರುವುದಿಲ್ಲವಲ್ಲ, ಇಲಕ್ಕಿಯಾ ಅದನ್ನು ಕಲಿಸಿಕೊಟ್ಟಿದ್ದಾಳೆ. ಹೋದ ಭಾನುವಾರ ಪದ್ಮಪ್ರಿಯಾ ಪಲ್ಲಡಂ ಆಚೆ ಆರುಮುಗಂ ಎಂಬವರ ಶೆಡ್ಡಿನಲ್ಲಿ ಆರು ಪೆಟ್ಟಿಗೆಯ ಚಿಪ್ಪು ಬದಲಾಯಿಸಿ ಬಸ್‌ಸ್ಟಾಪಿಗೆ ಬಂದಳು. ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಇತ್ತು. ಬೆಂಚಿನಲ್ಲಿ ಯಾರೂ ಇರಲಿಲ್ಲ. ಫೋನು ತೆಗೆದು ಬೆಳಿಗ್ಗೆ ಬಂದ ದನಿಯನ್ನು ಇನ್ನೊಮ್ಮೆ ಕೇಳಿದಳು.

"ಕಣ್ಣೂ, ಹೆಂಗಿದೀಯಾ. ಇವತ್ತು ಭಾನುವಾರಾನೂ ಕೆಲಸ ಇದೆ, ಕಪ್ಪಲಲ್ಲಿ ಹೊರದೇಶಕ್ಕೆ ಕಳಿಸೋ ಮಾಲಂತೆ. ಕಣ್ಣು ಉರಿಯುತ್ತೆ. ಹುರುಳಿ ಸಾರು ಮಾಡಿದ್ದೆ, ನೀನಿದ್ದಿದ್ದರೆ ಅಂದುಕೊಂಡೆ. ಸರಿ, ಇಡ್ತೀನಿ."

ಪದ್ಮಪ್ರಿಯಾ ಹೇಳಬೇಕಾದ್ದನ್ನು ಒಳಗೇ ಎರಡು ಸಲ ಹೇಳಿ ನೋಡಿಕೊಂಡಳು. ಆಮೇಲೆ ಫೋನನ್ನು ಬಾಯಿಯ ಹತ್ತಿರ ಹಿಡಿದು, ಪಲ್ಲಡಂನಲ್ಲಿದ್ದೇನೆ, ಬಿಸಿಲು ಜಾಸ್ತಿ, ಕಣ್ಣಿಗೆ ತಣ್ಣೀರು ಹಾಕಿಕೊಳ್ಳಿ ಎಂದಳು. ಇನ್ನೇನೋ ಹೇಳುವುದಿತ್ತು, ಲಾರಿಯೊಂದು ಹಾದುಹೋಯಿತು, ಬೆರಳು ಬಿಟ್ಟುಬಿಟ್ಟಳು. ದನಿ ಹೋಯಿತು. ಬನಿಯನ್ ಕಂಪನಿಯಲ್ಲಿ ಕೆಲಸದ ಹೊತ್ತಿನಲ್ಲಿ ಎಲ್ಲರ ಫೋನೂ ಗೇಟಿನ ಹತ್ತಿರ ಒಂದು ಕಪಾಟಿನಲ್ಲಿರುತ್ತದೆ. ರಾಮಾತಾಳ್ ಅದನ್ನು ಕೇಳುವುದು ಸಂಜೆ ಏಳಕ್ಕೆ.

ಪದ್ಮಪ್ರಿಯಾ ಬಾಟಲಿಯ ನೀರು ಕುಡಿದು, ಪಟ್ಟಿಯನ್ನು ತೆಗೆದು, ಆರುಮುಗಂ ಅವರ ಹೆಸರಿನ ಮುಂದೆ ಗುರುತು ಹಾಕಿದಳು. ಮುಂದಿನ ಹೆಸರು ಕಾಮನಾಯಕನ್‌ಪಾಳ್ಯಂ ಕಡೆಯದು. ಅಲ್ಲಿಗೆ ಯಾವ ಬಸ್ಸು ಎಂದು ಬರುವ ಕಂಡಕ್ಟರನ್ನು ಕೇಳಬೇಕು.